ಮುನ್ನೂರ ಹನ್ನೆರಡನೆಯ ಮೆಟ್ಟಿಲು

ವಾಲ್ಪರೈಸೊದ ನಮ್ಮ ಗುಡ್ಡಕ್ಕೆ ನಾನೂರು ಮೆಟ್ಟಿಲು.
ಹಗ್ಗದ ಗಾಡಿ ಕೆಟ್ಟು ಎರಡು ವರ್ಷ,
ಲೆಕ್ಕ ಈಗ ಮೊಣಕಾಲಿಗೇ ಬಾಯಿಪಾಠ.

ಜನವರಿಯ ಧಗೆ. ಶುಕ್ರವಾರ.
ಆಸ್ಪತ್ರೆಯ ಹಾಸುಬಟ್ಟೆ ಒಗೆದೊಗೆದು
ಸುಕ್ಕಾದ ಬೆರಳಲ್ಲಿ ಚೀಲ ಹಿಡಿದು
ಒತಿಲಿಯಾ ಏರಿ ಬರುತ್ತಾಳೆ:
ಅಕ್ಕನಿಗೆ ಮಾತ್ರೆ, ಅಕ್ಕನ ಮಗನಿಗೆ ಬೂಟಿನ ಲಾಡಿ,
ಚಿಕ್ಕಪ್ಪನಿಗೆ ಮೆತ್ತನೆ ಬ್ರೆಡ್ಡು
(ಹಲ್ಲು ಉದುರಿವೆ, ಹಟ ಉದುರಿಲ್ಲ),
ಬೆಕ್ಕಿಗೆ ಮೀನಿನ ತಲೆ.

ಎಲ್ಲದರ ಮೇಲೆ, ಕಾಗದದಲ್ಲಿ ಸುತ್ತಿ,
ಒಂದು ಪೀಚ್ ಹಣ್ಣು.
ಒಂದೇ.

ನನ್ನ ಬೀಗದಂಗಡಿಯ ಕಿಟಕಿಯ ಕೆಳಗೆ
ಮುನ್ನೂರ ಹನ್ನೆರಡನೆಯ ಮೆಟ್ಟಿಲಲ್ಲಿ ಕೂತು
ಅವಳು ಅದನ್ನು ತಿನ್ನುತ್ತಾಳೆ, ಅವಸರವಿಲ್ಲದೆ.
ಮೊಣಕೈಗಿಳಿದ ರಸವನ್ನು
ಹುಡುಗಿಯ ಹಾಗೆ ನೆಕ್ಕುತ್ತಾಳೆ.
ಕೆಳಗೆ ಬಂದರಿನಲ್ಲಿ ಹಡಗು ಕೂಗಿದರೂ
ತಲೆ ಎತ್ತುವುದಿಲ್ಲ.

ಒಮ್ಮೆ ಬಾಯಿ ತಡೆಯದೆ ಕೇಳಿದೆ:
"ಬೆಕ್ಕು ಸೇರಿ ಐದು ಬಾಯಿ ಮನೆಯಲ್ಲಿ.
ಇನ್ನೆರಡು ತರಬಾರದೆ?"

"ತಂದಿದ್ದೇನೆ," ಅಂದಳು.
"ಹೆಚ್ಚುವವಳು ನಾನು,
ನನ್ನ ಪಾಲಿಗೆ ವಾಟೆ.
ಹನ್ನೊಂದು ವರ್ಷ ವಾಟೆ ಚೀಪಿದೆ, ಫೌಸ್ತೀನೊ.
ರುಚಿಯಿರಲಿಲ್ಲ ಅನ್ನಲಾರೆ.
ಆದರೆ ಹಣ್ಣಿಗೆ ತೊಗಟೆಯ ಕೆಳಗೊಂದು ರುಚಿ ಇರುತ್ತದಂತೆ,
ಅದನ್ನು ನೋಡಬೇಕಿತ್ತು."

ನನ್ನ ಅಮ್ಮ ಸಾಯುವವರೆಗೂ
ಬ್ರೆಡ್ಡಿನ ಸೀದ ಅಂಚೇ ತನಗಿಷ್ಟ ಅನ್ನುತ್ತಿದ್ದಳು.
ನಾವು ನಂಬಿದೆವು.
ನಂಬುವುದು ನಮಗೆ ಅನುಕೂಲವಾಗಿತ್ತು.

ಕಳೆದ ವಾರ ಅವರ ಮನೆಯ ಚಿಲಕ ಕಿತ್ತುಬಂತು.
ಬಾಗಿಲಲ್ಲಿ ಕೂತು ತಿರುಪು ಹಾಕುತ್ತಿದ್ದೆ.
ಒಳಗೆ ಒತಿಲಿಯಾ
ಅಕ್ಕನನ್ನು ಮಗ್ಗುಲು ಹೊರಳಿಸಿ,
ಬೆನ್ನಿಗೆ ಪುಡಿ ಹಚ್ಚಿ,
ಹಾಸು ಬದಲಿಸಿ, ದಿಂಬು ಸರಿಮಾಡುವಾಗ
ನೀವೆಸ್ ಅವಳ ಕೈ ಹಿಡಿದಳು,
ಬೆರಳು ಮೂಗಿಗೆ ತಂದುಕೊಂಡಳು.

ನನ್ನ ಕೈಯ ತಿರುಪು ನಿಂತಿತು.

"ಇವತ್ತಿನದು ಹುಳಿಯೇನೆ?"

ಒತಿಲಿಯಾಳ ಕಿವಿಯವರೆಗೂ ಕೆಂಪು.
"...ಸ್ವಲ್ಪ."

"ಅಯ್ಯೋ, ಪೆದ್ದಿ.
ಮುಂದಿನ ವಾರ ತೊಟ್ಟಿನ ಹತ್ತಿರ
ಒತ್ತಿ ನೋಡಿ ಕೊಳ್ಳು."

ಆಮೇಲೆ ಇಬ್ಬರೂ ನಕ್ಕರೋ, ಅತ್ತರೋ,
ನಾನು ನೋಡಲಿಲ್ಲ.
ಮುಚ್ಚಿದ್ದನ್ನು ತೆಗೆಯುವುದು ನನ್ನ ಅನ್ನ;
ಕೆಲವನ್ನು ಮುಚ್ಚಿಯೇ ಬಿಡುವುದನ್ನು
ಈ ಕಸುಬೇ ಕಲಿಸಿದೆ.

ಇವತ್ತು ಮತ್ತೆ ಶುಕ್ರವಾರ.
ನಾಲ್ಕು ಗಂಟೆಗೆ ಮುಂಚೆ ನೋಡಿದರೆ
ಆ ಮೆಟ್ಟಿಲ ಮೇಲೆ ಯಾರೋ
ಸುಣ್ಣದ ಬಕೆಟ್ಟು ಇಟ್ಟು ಹೋಗಿದ್ದರು.

ಸರಿಸಿದೆ.