ಬೂಟಿನ ಹುಲ್ಲು

ಮೂರು ಚಳಿಗಾಲದಿಂದ ಮಾತಿಲ್ಲ
ನನಗೂ ನನ್ನ ಓರಗಿತ್ತಿ ರಿಸ್ತೆನ್‌ಗೂ.
ಅತ್ತೆಯ ಬೆಳ್ಳಿ ಡಾಬು ಯಾರ ನಡುವಿಗೆಂದು
ಕಾಲು ಕೆರೆದವಳು ನಾನೇ. ಇರಲಿ,
ಅವಳೂ ಮಾತಿಗೆ ಮಾತು ಪೋಣಿಸಿದಳು.

ಗಂಡಂದಿರು ಹಿಮಸಾರಂಗದ ಹಿಂಡಿನ ಹಿಂದೆ ಹೋಗಿ
ಹನ್ನೊಂದು ದಿನ. ಹಿಮದ ಸ್ಕೂಟರಿನ ಬೆಲ್ಟು ಹರಿದಿದೆ.
ಬರ್ಚ್ ಪೊದೆಯಲ್ಲಿ ಒಡ್ಡಿದ ಉರುಲಿಗೆ
ನಮ್ಮ ಜಗಳ ಗೊತ್ತಿಲ್ಲ;
ಬಿದ್ದ ಹಿಮಕೋಳಿ ಇಂದು ತರದಿದ್ದರೆ ನಾಳೆ ನರಿಯ ಪಾಲು.
ಮೈನಸ್ ಇಪ್ಪತ್ತೆಂಟರಲ್ಲಿ ಒಂಟಿ ಹೋಗಬಾರದು.
ಹೊರಟೆವು ಇಬ್ಬರೂ, ಮೂಕಿಯರಂತೆ,
ಅವಳು ಮುಂದೆ,
ಅವಳ ಹೆಜ್ಜೆಗುರುತು ಮೆಟ್ಟಲಾರೆನೆಂಬ ಹಟಕ್ಕೆ
ಪಕ್ಕದಲ್ಲೇ ಹೊಸ ದಾರಿ ತುಳಿಯುತ್ತ ನಾನು.

ಅವಳದು ಸಾರಂಗದ ಕಾಲಿನ ಚರ್ಮದ ಬೂಟು,
ಮೂತಿ ಮೇಲಕ್ಕೆ ಬಾಗಿದ್ದು,
ಕಾಲ ಹರಡಿನ ಸುತ್ತ ಕೆಂಪು ಹಳದಿ ನೇಯ್ಗೆಯ ಪಟ್ಟಿ.
ಒಳಗೆ ಕಾಲುಚೀಲವಿಲ್ಲ. ಹುಲ್ಲು.
ನನ್ನದು ಕೌಟೊಕೇನೊ ಅಂಗಡಿಯದು,
ಮೈನಸ್ ನಲವತ್ತರವರೆಗೆ ಗ್ಯಾರಂಟಿಯೆಂದು
ಪೆಟ್ಟಿಗೆಯ ಮೇಲೆ ಬರೆದಿತ್ತು.
ಪೆಟ್ಟಿಗೆ ಮನೆಯಲ್ಲೇ ಬೆಚ್ಚಗಿತ್ತು.

ಹಳ್ಳ ಹೆಪ್ಪುಗಟ್ಟಿ, ಮಂಜುಗಡ್ಡೆಯ ಮೇಲೆ ನೀರುಕ್ಕಿ,
ನೀರಿನ ಮೇಲೆ ತೆಳ್ಳನೆ ಹಿಮದ ಹೊದಿಕೆ.
ರಿಸ್ತೆನ್ ಕೋಲಿನಿಂದ ಕುಟ್ಟಿ ನೋಡಿ ಬಳಸಿ ಹೋದಳು.
ಹೇಳಬಹುದಿತ್ತು, ಹೇಳಲಿಲ್ಲ.
ಕೇಳಬಹುದಿತ್ತು.
ನನ್ನ ಎಡಗಾಲು ಮೊಣಕಾಲವರೆಗೆ ಇಳಿಯಿತು,
ಅಡಿಯ ಕಲ್ಲಿಗೆ ಸಿಕ್ಕಿ ಹರಡು ಹೊರಳಿತು.
ನೀರು ಮೊದಲು ಸುಡುತ್ತದೆ.
ಆಮೇಲೆ ಏನೂ ಇಲ್ಲ.
ಆ ಏನೂ ಇಲ್ಲಕ್ಕೆ ಹೆದರಬೇಕು.

ತಿರುಗಿ ಬಂದಳು.
ಬೈಯಲಿಲ್ಲ, ಅಯ್ಯೋ ಅನ್ನಲಿಲ್ಲ.
ಕೂರಿಸಿ, ಬೂಟು ಕಿತ್ತು, ನೀರು ಚೆಲ್ಲಿ,
ಒದ್ದೆ ಉಣ್ಣೆಯನ್ನು ಮೊಲದ ತೊಗಲಿನಂತೆ ಸುಲಿದು,
ತನ್ನ ಕೋಟು ಬಿಚ್ಚಿ ಅಂಗಿ ಎತ್ತಿ
ನನ್ನ ಪಾದವನ್ನು ಹೊಟ್ಟೆಗೊತ್ತಿಕೊಂಡಳು.
ಅವಳ ಉಸಿರು ಸಿಕ್ಕಿಕೊಂಡಿದ್ದನ್ನು ಕಣ್ಣು ಕಂಡಿತು,
ಅಂಗಾಲಿಗೆ ತಿಳಿಯಲಿಲ್ಲ.

ಎಷ್ಟು ಹೊತ್ತೋ.
ದಕ್ಷಿಣದಲ್ಲಿ ಕೆಂಪಗಾಗಿದ್ದ ಗೆರೆ ಅಲ್ಲೇ ಅಳಿಸಿಹೋಯಿತು.
ಆಮೇಲೆ ಹೆಬ್ಬೆರಳಿಗೆ ನೋವು ಬಂತು,
ಜೊತೆಗೇ ಅಳು.
“ನೋಯುತ್ತಿದೆಯಾ?”
ಮೂರು ವರ್ಷದಲ್ಲಿ ಮೊದಲ ಮಾತು.
“ಹೂಂ.”
“ಒಳ್ಳೆಯದು.”

ಚೀಲದಿಂದ ತೆಗೆದಳು
ಸಿಂಬಿ ಸುತ್ತಿದ ಹುಲ್ಲಿನ ಜಡೆ.
ಕೆದರಿ, ಬೆರಳಲ್ಲೇ ಬಾಚಿ, ಗೂಡು ಮಾಡಿ:
“ಹಿಮ್ಮಡಿಯಡಿ ಮಡಿಕೆ ಬೀಳಬಾರದು, ಬಿದ್ದರೆ ಬೊಕ್ಕೆ.
ಬೆರಳಿಗೆ ಜಾಗ ಬಿಡಬೇಕು, ಬಿಗಿದರೆ ರಕ್ತ ಓಡೋದಿಲ್ಲ.
ಹರಡಿನ ಗುಬುಟಿಗೆ ಆಚೆಗೊಂದು ಈಚೆಗೊಂದು ಹಿಡಿ ಹೆಚ್ಚು.
ರಾತ್ರಿ ಹೊರಗೆಳೆದು ಒಲೆಯ ಹತ್ತಿರ ಹರವು,
ಬೆಂಕಿಗೆ ಮೂಗು ತಾಗಿಸಬೇಡ.”
ಎಲ್ಲ ನನ್ನ ಕಾಲಿಗೇ ಹೇಳಿದಳು,
ಮುಖ ನೋಡಲಿಲ್ಲ.
ಕಾಲಿಗೆ ಬುದ್ಧಿ ಹೇಳಿದರೆ ಅದು ಓಡುತ್ತದಂತೆ;
ಇವಳು ಹೇಳಿದ ಬುದ್ಧಿಗೆ
ನನ್ನದು ಎದ್ದು ನಿಂತಿತು.

ತನ್ನ ಬಲಗಾಲಿನ ಪಟ್ಟಿ ಬಿಚ್ಚಿ
ನನ್ನ ಹೊರಳಿದ ಹರಡಿಗೆ ಬೂಟಿನ ಮೇಲಿಂದಲೇ ಸುತ್ತಿದಳು,
ಕೆಳಗಿನಿಂದ ಮೇಲಕ್ಕೆ, ಏಳು ಸುತ್ತು.
ತನ್ನ ಬೂಟಿನ ಬಾಯಿಗೆ ಉರುಲಿನ ತಂತಿ ಬಿಗಿದುಕೊಂಡಳು.

ನಾಲ್ಕು ಹಕ್ಕಿ ಸಿಕ್ಕಿದ್ದವು.
ಕೈಯಲ್ಲಿ ಹಿಡಿದು ನೋಡಿದೆ:
ಉಗುರಿನವರೆಗೂ ಬಿಳಿ ಗರಿ ಹೊದ್ದ ಕಾಲು.
ಯಾರ ಹಂಗೂ ಇಲ್ಲದ ಬೂಟು.
ವಾಪಸು ಬರುವಾಗ
ಅವಳ ಹೆಜ್ಜೆಯ ಗುಳಿಯಲ್ಲೇ ನನ್ನ ಹೆಜ್ಜೆ ಇಟ್ಟೆ.
ಕುಂಟುವವಳಿಗೆ ಹಟ ದುಬಾರಿ.

ಡಾಬು ಇನ್ನೂ ಸಂದೂಕದಲ್ಲಿದೆ, ಕೀಲಿ ಅವಳ ಹತ್ತಿರ.
ಬಿಟ್ಟುಕೊಟ್ಟೆನೆಂದು ಯಾರೂ ತಿಳಿಯಬೇಡಿ.

ಆಗಸ್ಟಿನಲ್ಲಿ ಜೌಗಿನಂಚಿಗೆ ಹುಲ್ಲು ಕೊಯ್ಯಲು ಹೋದೆ.
ಸೊಳ್ಳೆಗಳ ಮೋಡದೊಳಗೆ ಆಗಲೇ ಅವಳು, ಬಗ್ಗಿ.
ಹತ್ತು ಮಾರು ದೂರ ಬಿಟ್ಟು ನಾನೂ ಬಗ್ಗಿದೆ.
ಸಂಜೆ, ಅವಳ ಹೊರೆಯ ಮೇಲೆ ಇಟ್ಟೆ
ಆ ಏಳು ಸುತ್ತಿನ ಪಟ್ಟಿ, ತೊಳೆದು, ಸುರುಳಿ ಸುತ್ತಿ.
ನೋಡಿದಳು.
ಮತ್ತೆ ಕುಡುಗೋಲು ಆಡಿಸಿದಳು.