ಬರಿ ಮರ

ಓಶಿವರಾದ ಮರದ ಬಜಾರಿನ ಹಿಂದೆ, ನಾಲೆಯ ಮಗ್ಗುಲಿಗೆ
ಹತ್ತಡಿ ಖೋಲಿಯೊಳಗೆ ನನ್ನ ಕಾರ್ಖಾನೆ:
ಒಂದು ಮಣೆ, ಏಳು ಉಳಿ,
ಮೂತಿ ಕೆಂಪಗಾಗುವ ಕರೆಂಟಿನ ಲೇಖನಿ ಒಂದು.
ಗೋಡೆಯಾಚೆ ಸುಲಭಾತಾಯಿಯ ಪಂಜರ,
ಅದರಲ್ಲಿ ಅವಳ ಮಗ ಕುರ್ಲಾದಿಂದ ತಂದ ಹಳದಿ ಲವ್ ಬರ್ಡ್.
ಗೋಡೆ ತಗಡು ಮುಟ್ಟುವುದಿಲ್ಲ, ಮೇಲೆ ಗೇಣುದ್ದ ಸಂದು.
ಅವಳ ಒಗ್ಗರಣೆ ನನಗೆ, ನನ್ನ ಹೊಗೆ ಅವಳಿಗೆ.
ಬಾಡಿಗೆ ಮಾತ್ರ ಬೇರೆ ಬೇರೆ.

ವರ್ಸೋವಾದ ದಾಮಾಜಿ ತಾಂಡೇಲ
ಹೊಸ ಬಾಗಿಲಿಗೆ ಪಾಂಪ್ಲೆಟ್ ಮೀನು ಬೇಕೆಂದ, ಸಾಗುವಾನಿಯದು,
ಮೈತುಂಬ ಹುರುಪೆ ಸುಟ್ಟು ಬರೆಯಬೇಕು.
ಪಾಂಪ್ಲೆಟಿಗೆ ಹುರುಪೆ ಕಾಣುವುದೇ ಇಲ್ಲವಲ್ಲ, ಅಂದೆ.
ನಮ್ಮ ಆಯಿಗೆ ಕಾಣುತ್ತಿತ್ತು, ಅಂದ.
ಮುಂಗಡ ಕೊಟ್ಟ.

ಕೆತ್ತಿದ್ದು ಚೆನ್ನಾಗಿಯೇ ಬಂತು. ಅದೇ ಕೆಟ್ಟಿದ್ದು.
ಕೈ ಬೆವರು ತಾಗೀತು, ನಾಲೆಯ ತೇವ ಏರೀತು,
ಕಲೆ ಬಿದ್ದೀತೆಂದು ಹೆದರಿ
ಎರಡು ಕೈ ಸೀಲರ್ ಬಳಿದುಬಿಟ್ಟೆ.
ಒಣಗಿದ ಮೀನಿನಲ್ಲಿ ನನ್ನ ಮುಖವೇ ಕಂಡಿತು.

ಮರುದಿನ ಲೇಖನಿ ಮುಟ್ಟಿಸಿದರೆ
ಮರ ಸುಡುವ ವಾಸನೆಯೇ ಇಲ್ಲ.
ಮೊದಲು ಸಿಹಿ, ಬಿಸಿಲಿಗಿಟ್ಟ ರೆಕ್ಸಿನ್ ಚೀಲದ ಹಾಗೆ,
ಆಮೇಲೆ ಗಂಟಲಲ್ಲಿ ಮುಳ್ಳು.
ಮೂತಿಗೆ ಕಪ್ಪು ಅಂಟು ಹತ್ತಿಕೊಂಡಿತು, ಗೆರೆ ಅಡ್ಡಾದಿಡ್ಡಿ ಹರಿಯಿತು.
ಸೆರಗು ಮೂಗಿಗೆ ಕಟ್ಟಿಕೊಂಡೆ, ಜಾಣೆ ನಾನು.
ಬಟ್ಟೆ ಧೂಳಿಗೆ ಬೇಲಿ,
ಹೊಗೆಗೆ ಬಾಗಿಲು.
ಹನ್ನೊಂದು ಹುರುಪೆ ಆಗುವಷ್ಟರಲ್ಲಿ
ಗೋಡೆಯಾಚೆಯ ಚಿಲಿಪಿಲಿ ನಿಂತಿದ್ದು
ಎಷ್ಟು ಹೊತ್ತಿನಿಂದ ನಿಂತಿದೆ ಎಂದು ಗೊತ್ತಾಗಲಿಲ್ಲ.

ಸುಲಭಾತಾಯಿ ಪಂಜರ ಎದೆಗವಚಿಕೊಂಡು ರಸ್ತೆಗೆ ಓಡಿದಳು.
ನನ್ನನ್ನು ಬೈಯಲಿಲ್ಲ. ಬೈದಿದ್ದರೆ
ಇದನ್ನೆಲ್ಲ ಬರೆಯುತ್ತಿರಲಿಲ್ಲವೇನೋ.

ಫುರ್ಕಾನ್ ಚಾಚಾ ಬಂದು ಮೀನು ಎತ್ತಿ ನೋಡಿದ.
ನಲವತ್ತು ವರ್ಷ ಪಾಲಿಶ್ ಹಾಕಿದ ಕೈ.
ಸಹಾರನ್‌ಪುರದಿಂದ ಹೆಂಡತಿ ಅತ್ತರು ಕಳಿಸುತ್ತಾಳೆ,
ಹಚ್ಚಿಕೊಂಡು ಬಂದು ನನ್ನನ್ನೇ ಕೇಳುತ್ತಾನೆ:
ಬೇಟಿ, ಇವತ್ತು ಗುಲಾಬಿಯೋ, ಲಾವಂಚವೋ?
ಅವನ ಮೂಗು ಯಾವಾಗ ಹೋಯಿತೆಂದು
ಅವನೂ ಹೇಳಿಲ್ಲ, ನಾನೂ ಕೇಳಿಲ್ಲ.
ಉಗುರಿನಿಂದ ಮೀನಿನ ಹೊಳಪು ಕೆರೆದು
ಕೆಳಗಿಟ್ಟ, ಅಷ್ಟೇ.

ರಾತ್ರಿಯೆಲ್ಲ ಯಾದಗಿರಿಯ ಅಮ್ಮಮ್ಮನ ಮುಂಗೈ ಕಣ್ಣಮುಂದೆ.
ಹಚ್ಚೆ ಹಾಕುವ ಕೊರವಿ ಮೊದಲು ಕೈ ತೊಳೆಸಿದಳಂತೆ,
ಎಣ್ಣೆ ಜಿಡ್ಡು ಇರಬಾರದು ನೋಡವ್ವ, ಅಂದಳಂತೆ.
ಮೊದಲು ಸೂಜಿ, ಆಮೇಲೆ ಅರಿಶಿಣ.
ಅರಿಶಿಣದ ಮೇಲೆ ಯಾರಾದರೂ ಚುಚ್ಚುತಾರೇನ?
ಅಮ್ಮಮ್ಮ ಇದನ್ನು ನಗುತ್ತ ಹೇಳುತ್ತಿದ್ದಳು,
ನಾನು ಅವಳ ಕೈಮೇಲಿನ ಚೇಳನ್ನು ಎಣಿಸುತ್ತಿದ್ದೆ, ಕಾಲುಕಾಲಾಗಿ.

ಮೂರು ದಿನ ಹೆರೆದೆ.
ಮರಳುಕಾಗದ, ಗಾಜಿನ ಚೂರು, ಮತ್ತೆ ಮರಳುಕಾಗದ,
ಬೆರಳಿಗೆ ಜಾರದೆ ತುಸು ತಡೆಯುವವರೆಗೆ,
ಒಂದು ಹನಿ ನೀರು ಮುತ್ತಾಗಿ ನಿಲ್ಲದೆ ಇಂಗುವವರೆಗೆ.
ಹುಬ್ಬಿನಂಥ ರೆಕ್ಕೆಯ ಅಂಚು ಸವೆದುಹೋಯಿತು. ಹೋಗಲಿ.
ಫ್ಯಾನನ್ನು ಬೆನ್ನುತಿರುಗಿಸಿ ಕಿಟಕಿಗಿಟ್ಟೆ,
ಹೊಗೆಯನ್ನು ನಾಲೆಯ ಕಡೆ ಎಳೆಯಲಿ ಅಂತ.
ಮೇಲಿನ ಸಂದಿಗೆ ಹಳೆ ಸೀರೆ ತುರುಕಿದೆ.
ಆಮೇಲೆ ಲೇಖನಿ.

ಮರ ಈಗ ಮರದ ಹಾಗೆ ಸುಟ್ಟಿತು.
ಗೆರೆ ನಿಂತಲ್ಲಿ ನಿಂತಿತು, ಕಂದು, ಒಣ, ಚೊಕ್ಕ.
ಮುನ್ನೂರ ಹದಿನಾಲ್ಕು ಹುರುಪೆ,
ದಾಮಾಜಿಯ ಆಯಿಗೆ ಕಂಡಷ್ಟು.
ಪ್ಲಗ್ ಕಿತ್ತು, ಮೂತಿ ತಣ್ಣಗಾದ ಮೇಲೆ,
ಮರುಬೆಳಿಗ್ಗೆ ಮಾತ್ರ ಅರಗಿನ ಡಬ್ಬಿ ತೆರೆದೆ.

ಹಕ್ಕಿ ಬದುಕಿದೆ.
ಪಂಜರ ಈಗ ಗಲ್ಲಿಯ ಆ ತುದಿಗೆ, ಸುಲಭಾತಾಯಿಯ ತಂಗಿಯ ಮನೆಯಲ್ಲಿ.
ವಾಪಸು ತಾ, ಇನ್ನೇನೂ ಆಗುವುದಿಲ್ಲ ಅಂದೆ.
ನೋಡೋಣ, ಅಂದಳು.
ಒಂಬತ್ತು ತಿಂಗಳಾಯಿತು, ನೋಡುತ್ತಲೇ ಇದ್ದಾಳೆ.

ಆ ದಿನ, ಸುಡುತ್ತಿದ್ದಾಗ,
ಚಾಚಾ ಬಾಗಿಲಲ್ಲಿ ನಿಂತು ಅಭ್ಯಾಸದಂತೆ ಕೇಳಿದ:
ಏನು ವಾಸನೆ ಬೇಟಿ?
ಸಾಗುವಾನಿ, ಚಾಚಾ.
ಅದರ ಜೊತೆಗೆ?
ಬರಿ ಸಾಗುವಾನಿ.