ಆಕಾಶದ್ದು ಒಂದು

ಕಾಲಿಮ್ನೋಸ್ ಬಂದರಿನ ಹಿಂದೆ, ಹಳೆಯ ಸುಂಕದ ಕಟ್ಟಡದಲ್ಲಿ
ಸಂಜೆ ಶಾಲೆ. ಎಂಟು ಹುಡುಗರು,
ಅರವತ್ತೆರಡರ ಪಾಂಡೆಲಿಸ್ ಒಬ್ಬ.
ಸ್ಪಂಜಿಗಾಗಿ ಮೂವತ್ತು ವರ್ಷ ಕಡಲ ತಳ ಕೆದಕಿದವ,
ಎಡಗಾಲು ಎಳೆಯುತ್ತ ಮೊದಲ ಬೆಂಚಿಗೇ ಬರುವವ.
ದೋಣಿ ಪರವಾನಗಿಯ ಪರೀಕ್ಷೆಗೆ ಲೆಕ್ಕ ಬೇಕಂತೆ.

ನೇರ ಅನುಪಾತ, ಎಂದು ಬರೆದೆ.
ತೂಕ ಇಮ್ಮಡಿಯಾದರೆ ಬೆಲೆ ಇಮ್ಮಡಿ,
ತೂಕ ಸೊನ್ನೆಯಾದರೆ ಬೆಲೆಯೂ ಸೊನ್ನೆ;
ಗೆರೆ ಹೊರಡುವುದು ಮೂಲೆಯ ಸೊನ್ನೆಯಿಂದಲೇ.
"ನಮ್ಮಪ್ಪ ಸ್ಪಂಜಿಗೆ ಮರಳು ತುಂಬಿ ಮಾರುತ್ತಿದ್ದ," ಅಂದ ಪಾಂಡೆಲಿಸ್,
"ಗೆರೆ ನೆಟ್ಟಗೇ ಇತ್ತು."
ಹುಡುಗರು ನಕ್ಕರು. ನಾನೂ.

ಆಮೇಲೆ ಜಾಣತನ ತೋರಲು ಹೋದೆ:
ಆಳ ಹೆಚ್ಚಿದಂತೆ ಒತ್ತಡ. ಇದೂ ನೇರ, ಅಲ್ಲವೇ?
ಹುಬ್ಬೇರಿಸಿ ಗಲ್ಲ ಮೇಲೆತ್ತಿದ;
ನಮ್ಮ ದ್ವೀಪದಲ್ಲಿ ಅದರರ್ಥ, ಇಲ್ಲ.
"ಹತ್ತು ಮೀಟರಿಗೆ ಎರಡು, ಇಪ್ಪತ್ತಕ್ಕೆ ಮೂರು.
ಇಮ್ಮಡಿ ಎಲ್ಲಾಯಿತು, ಟೀಚರ್?
ನೀರಿಗಿಳಿಯುವ ಮುಂಚೆಯೇ ಒಂದು ಇರುತ್ತದಲ್ಲ,
ಆಕಾಶದ್ದು,
ಹುಟ್ಟಿದಾಗಿನಿಂದ ಹೆಗಲ ಮೇಲೆ ಕೂತದ್ದು.
ಅದನ್ನು ಬಿಟ್ಟು ಎಣಿಸಿದವರು ನಮ್ಮಲ್ಲಿ
ಬಹಳ ದಿನ ಬಾಳಲಿಲ್ಲ."

ಹಲಗೆ ಒರೆಸಿದೆ.
ಗೆರೆಯನ್ನು ಒಂದರಿಂದ ಹೊರಡಿಸಿದೆ:
ನೆಟ್ಟಗಿದೆ, ಆದರೂ ನೇರ ಅನುಪಾತವಲ್ಲ.

ವಿಲೋಮಕ್ಕೆ ನಾನು ಬಾಯಿ ತೆರೆಯಲಿಲ್ಲ.
ಸೀಮೆಸುಣ್ಣ ಅವನ ಕೈಲಿತ್ತು.
ಒಂದು ಬಲೂನು ಬರೆದ. ಕೆಳಗೆ ಅದರರ್ಧ,
ಅದರ ಕೆಳಗೆ ಮೂರರಲ್ಲೊಂದು, ನಾಲ್ಕರಲ್ಲೊಂದು.
"ಒತ್ತಡವನ್ನು ಗಾಳಿಯಿಂದ ಗುಣಿಸಿ.
ಯಾವ ಆಳದಲ್ಲಿ ನಿಂತು ಗುಣಿಸಿದರೂ ಅದೇ ಉತ್ತರ.
ಒಂದು ಹಿಗ್ಗಿದರೆ ಇನ್ನೊಂದು ಕುಗ್ಗಲೇಬೇಕು,
ಇವೆರಡರ ಜಗಳದಲ್ಲಿ ಅದು ಮಾತ್ರ ಮಿಸುಕದು."

"ಸ್ಥಿರಾಂಕ," ಎಂದೆ.

"ಹೆಸರೂ ಇದೆಯೇ," ಅಂದ. ತುಸು ಹೊತ್ತು ಸುಮ್ಮನಿದ್ದ.
"ಇಳಿಯುವಾಗ ಇದಕ್ಕೆ ಯಾರೂ ಹೆದರುವುದಿಲ್ಲ.
ಏರುವಾಗ ನೋಡಿ.
ನಲವತ್ತರಿಂದ ಮೂವತ್ತಕ್ಕೆ ಬಂದರೆ ಗುಳ್ಳೆ ಬೆಳೆಯುವುದು ಚೂರೇ ಚೂರು.
ಕೊನೆಯ ಹತ್ತು ಮೀಟರಿಗೆ ಅರ್ಧವಿದ್ದದ್ದು ಇಡಿಯಾಗುತ್ತದೆ.
ಅಲ್ಲೇ, ದೋಣಿಯ ತಳ ಕಾಣುವಲ್ಲೇ,
ಇನ್ನೇನು ಬಂದೆ ಅನ್ನುವಲ್ಲೇ.
ಲೆಫ್ತೆರಿಸ್ ಅವಸರ ಮಾಡಿದ್ದು ಅಲ್ಲಿ.
ನನ್ನ ಕಾಲೂ ಅಲ್ಲೇ ಉಳಿಯಿತು."

ಬಾಗಿದ ಗೆರೆಯೊಂದನ್ನು ನಿಧಾನ ಎಳೆದ,
ಅಂಚನ್ನು ಮುಟ್ಟೀತು ಮುಟ್ಟೀತು ಎಂದು
ಎಂಟೂ ಹುಡುಗರು ಕತ್ತು ಚಾಚಿದರು.
ಮುಟ್ಟಲಿಲ್ಲ; ಹಲಗೆ ಮುಗಿಯಿತು.

ಕೂತ ಮೇಲೆ ಕೇಳಿದ:
"ಪರೀಕ್ಷೆಯಲ್ಲಿ ಇದು ಎಷ್ಟು ಅಂಕಕ್ಕೆ?"
ಎರಡು, ಎಂದೆ.
ಬರೆದುಕೊಂಡ.